ರಸ್ತೆಗೆ ಮುಖ ಮಾಡಿ ನಿಂತಿದ್ದ ಗಾಡಿ

ಹೆಸರು: ಸ್ಪ್ಯಾನರಣ್ಣ ಎಂದೇ ಎಲ್ಲರೂ ಕರೆಯುವುದು. ವಯಸ್ಸು: ನಲವತ್ತಾರು ವರ್ಷ. ವೃತ್ತಿ: ಮೋಟಾರ್ ಸೈಕಲ್ ಮೆಕ್ಯಾನಿಕ್. ವಾಸ: ನೀರಿನ ಟ್ಯಾಂಕ್ ಹಿಂದಿನ ರಸ್ತೆ, ನನ್ನದೇ ಗ್ಯಾರೇಜಿನ ಮಹಡಿಯ ಮೇಲೆ. ಈ ಸಂಜೆ ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿಯ ತಮ್ಮನ ಬಳಿ ಹಳೆಯ ಮೋಟಾರ್ ಸೈಕಲ್ ಒಂದಿದೆ. ಕೆಲವು ದಿನಗಳಿಂದ ಅದು ನಡುದಾರಿಯಲ್ಲಿ ಕೈಕೊಡುತ್ತಿತ್ತು. ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಝುಯ್ ಎನ್ನಬೇಕು. ಇದು ಮನಸ್ಸು ಬಂದರೆ ಎನ್ನುತ್ತಿತ್ತು, ಇಲ್ಲದಿದ್ದರೆ ಇಲ್ಲ. ಟ್ಯಾಂಕಿಗೆ ಎರಡು ಗುದ್ದು ಕೊಟ್ಟು ಕಾಲ ತಳ್ಳುತ್ತಿದ್ದವನು ಈ ದಿನ ಬೆಳಿಗ್ಗೆ ಗಾಡಿಯನ್ನೇ ತಳ್ಳಿಕೊಂಡು ಬಂದು, "ಭಾವ, ಇದಕ್ಕೊಂದು ಗತಿ ಕಾಣಿಸಿ. ಸಂಜೆ ಅಕ್ಕನ್ನ ಫ್ಯಾಕ್ಟರಿಯಿಂದ ಕರ್ಕೊಂಡು ಬರ್ಬೇಕು" ಎಂದು ಹೇಳಿ ಹೋದನು. ನನ್ನ ಹೆಂಡತಿ ಹದಿನೆಂಟು ಕಿಲೋಮೀಟರ್ ದೂರದ ಬಿಸ್ಕತ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ.

ಮಧ್ಯಾಹ್ನ ಪರೀಕ್ಷಿಸಿದೆ. ಫ್ಯೂಸ್ ಸರಿ ಇತ್ತು. ಬಲ್ಬು ಹಿಡಿದು ನೋಡಿದರೆ ಪಂಪಿನವರೆಗೆ ಕರೆಂಟೇ ಬರುತ್ತಿರಲಿಲ್ಲ. ಕೆಟ್ಟಿರುವುದು ಪಂಪಿಗೆ ಕರೆಂಟ್ ಬಿಡುವ ರಿಲೇ ಎಂಬ ಸಣ್ಣ ಡಬ್ಬಿ ಮಾತ್ರವೋ, ಪಂಪೂ ಕೆಟ್ಟಿದೆಯೋ ತಿಳಿಯಬೇಕಿತ್ತು. ಆದ್ದರಿಂದ ರಿಲೇ ಬಿಟ್ಟು, ಕೀಯ ಕಡೆಯಿಂದ ಪಂಪಿಗೆ ನೇರವಾಗಿ ಬೇರೊಂದು ವೈರ್ ಎಳೆದೆ. ಪಂಪ್ ಝುಯ್ ಎಂದಿತು. ಕೆಟ್ಟಿರುವುದು ರಿಲೇ ಎಂದು ಖಾತ್ರಿಯಾಯಿತು. ನಾನು ಎಳೆದದ್ದು ಹಳೆಯ ಸ್ಪೀಕರಿನ ತೆಳು ವೈರ್. ಅದಕ್ಕೆ ಫ್ಯೂಸ್ ಹಾಕಿರಲಿಲ್ಲ. ಟ್ಯಾಂಕಿನ ಅಡಿಯಲ್ಲಿ ಎಂಜಿನ್ನಿಗೆ ತಾಗಿಕೊಂಡೇ ಹೋಗಿದೆ. ಎಂಜಿನ್ ಕಾದು ವೈರಿನ ಸಿಪ್ಪೆ ಕರಗಿದರೆ ಪೆಟ್ರೋಲಿನ ಬುಡದಲ್ಲೇ ಕಿಡಿ ಹಾರುತ್ತದೆ. ನಿಂತ ಗಾಡಿಗೆ ಐದು ನಿಮಿಷದ ಪರೀಕ್ಷೆಗೆಂದು ಹಾಕುವ ವೈರ್ ಅದು, ಓಡಿಸಲಿಕ್ಕಲ್ಲ.

ನಮ್ಮ ಗ್ಯಾರೇಜಿನಲ್ಲಿ ಒಂದು ರೂಢಿ ಇದೆ. ಕೆಲಸ ಮುಗಿಯದ ಗಾಡಿ ಗೋಡೆಗೆ ಮುಖ ಮಾಡಿರಬೇಕು, ಮುಗಿದದ್ದು ರಸ್ತೆಗೆ. ಈ ರೂಢಿ ಮಾಡಿದವನು ನಾನೇ. ರಸ್ತೆಗೆ ಮುಖ ಮಾಡಿದ ಗಾಡಿಯನ್ನು ಅದರ ಮಾಲೀಕರು ನನ್ನನ್ನು ಕೇಳದೆಯೇ ಒಯ್ಯುತ್ತಾರೆ. ಈ ದಿನ ಒಳಗೆ ಬೆಳಕು ಸಾಲದೆ, ವೈರ್ ಕಾಣಲೆಂದು ಗಾಡಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡಿದ್ದೆ. ಸುಮಾರು 4-40ಕ್ಕೆ ಹೊಸ ರಿಲೇ ತರಲು ಬಿಡಿಭಾಗದ ಅಂಗಡಿಗೆ ನಡೆದುಹೋದೆ. ಕೀ ಗಾಡಿಯಲ್ಲೇ ಇತ್ತು. ಗಾಡಿಯನ್ನು ಮತ್ತೆ ಗೋಡೆಗೆ ತಿರುಗಿಸಬೇಕೆಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

5-10ಕ್ಕೆ ಮರಳಿದಾಗ ಗಾಡಿ ಇರಲಿಲ್ಲ. ಪಕ್ಕದ ಟೈಲರಮ್ಮನನ್ನು ವಿಚಾರಿಸಲಾಗಿ, ಭಾವಮೈದುನ ಬಂದು ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ, ಹಾಡು ಹೇಳಿಕೊಂಡು ಹೋದನೆಂದು ತಿಳಿಸಿದರು. ಅವನಿಗೆ ಮೇಲಿಂದ ಮೇಲೆ ಫೋನ್ ಮಾಡಿದೆ, ಎತ್ತಲಿಲ್ಲ. ಕೆಲಸ ಬಿಡುವತನಕ ಹೆಂಡತಿಯ ಫೋನ್ ಫ್ಯಾಕ್ಟರಿಯ ಗೇಟಿನಲ್ಲಿರುತ್ತದೆ. ಬೆನ್ನಟ್ಟಿ ಹೋಗೋಣವೆಂದರೆ ಗ್ಯಾರೇಜಿನಲ್ಲಿದ್ದ ಮೂರೂ ಗಾಡಿಗಳು ಗೋಡೆಗೆ ಮುಖ ಮಾಡಿದ್ದವು. ಓಡಿಕೊಂಡೇ ಠಾಣೆಗೆ ಬಂದೆ.

ಹೆಡ್ ಕಾನ್‌ಸ್ಟೆಬಲ್ ರವರು ಎಲ್ಲವನ್ನೂ ಕೇಳಿ, "ಗಾಡಿ ಅವನ್ದೇ, ಓಡಿಸ್ತಿರೋನೂ ಅವನೇ. ಕಂಪ್ಲೇಂಟ್ ಯಾರ ಮೇಲಪ್ಪಾ?" ಎಂದರು. ನನ್ನ ಮೇಲೆಯೇ ಬರೆದುಕೊಳ್ಳಿ, ಮೊದಲು ವಯರ್‌ಲೆಸ್‌ನಲ್ಲಿ ಹೇಳಿ ಗಾಡಿ ನಿಲ್ಲಿಸಿ ಎಂದು ಕೈಮುಗಿದೆ. ಸಹಿ ಮಾಡಿದ ಹೇಳಿಕೆ ಕೈಯಲ್ಲಿಲ್ಲದೆ ಹಾಗೆಲ್ಲ ಹೇಳಲು ಬರುವುದಿಲ್ಲ ಎಂದಿದ್ದರಿಂದ ಇದನ್ನು ಬರೆಸುತ್ತಿದ್ದೇನೆ.

ಇಷ್ಟು ಬರೆಸುವಷ್ಟರಲ್ಲಿ, 5-50ಕ್ಕೆ, ಹೆಂಡತಿಯಿಂದ ಫೋನ್ ಬಂತು. ತಮ್ಮನ ಹಿಂದೆ ಗಾಡಿಯ ಮೇಲೆ ಕುಳಿತೇ ಮಾತನಾಡುತ್ತಿದ್ದಳು. "ರೀ, ಏನ್ ಮಾಡಿದ್ರಿ ಇದಕ್ಕೆ? ಬಾಣ ಹೋದ ಹಾಗೆ ಹೋಗ್ತಿದೆ. ಮದುವೆ ಆದ್ಮೇಲೆ ನಿಮ್ಮ ಕೆಲಸ ಮೆಚ್ಕೊಂಡಿದ್ದು ಇವತ್ತೇ ನೋಡಿ" ಎಂದು ನಕ್ಕಳು. ಇಳಿ, ಈಗಲೇ ಇಳಿ ಎಂದು ಠಾಣೆಯವರೆಲ್ಲ ತಿರುಗಿ ನೋಡುವಂತೆ ಕೂಗಿದೆ. "ಗಾಳಿ ಸದ್ದು, ಏನೂ ಕೇಳಿಸ್ತಿಲ್ಲ. ಮನೆಗೆ ಬಂದ್ಮೇಲೆ ಹೇಳಿ" ಎಂದು ಇಟ್ಟುಬಿಟ್ಟಳು. ಆಮೇಲೆ ಎತ್ತುತ್ತಿಲ್ಲ.

ಮೇಲೆ ಬರೆಸಿದ್ದು ಅಷ್ಟೂ ನಿಜ. ಓದಿ ಹೇಳುತ್ತೇವೆ ಎಂದರು, ಬೇಡವೆಂದೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದೇನೆ. ಈಗಲಾದರೂ ವಯರ್‌ಲೆಸ್ ಕೈಗೆ ತೆಗೆದುಕೊಳ್ಳಿ ಸಾರ್.

ಸ್ಥಳ: ಠಾಣೆ
ದಿನಾಂಕ: ಈ ದಿನ, ಸಂಜೆ 5-58
ಸಹಿ: ಸ್ಪ್ಯಾನರಣ್ಣ