ಅರ್ಧ ಸುತ್ತಿದ ರೀಲು

ದಟ್ಟಗಳ್ಳಿಯಿಂದ ಹೊರಟ ಬಸ್ಸಿನಲ್ಲಿ ಭಾನುಪ್ರಿಯಾಳ ಮುಂದಿನ ಸೀಟಿಗೆ ವಯಸ್ಸಾದ ಗಂಡಹೆಂಡತಿ ಬಂದು ಕೂತರು. ಪುಕ್ಕದ ನೊಣ ಕಟ್ಟಿ ಮೀನು ಹಿಡಿಯುವ ಗಾಳದ ರೀಲುಗಳನ್ನು ಗಂಡ ಚೀಲದಿಂದ ಒಂದೊಂದಾಗಿ ತೆಗೆದು ನೋಡಿ, ಮತ್ತೆ ಒಳಗಿಟ್ಟರು.

“ಏಳೇ ಇದಾವಲ್ಲ ಪ್ರೇಮಾ. ನಮ್ಮ ಮಗಳು ಪ್ರೀತೀದು ಇಲ್ಲ.”

ಹೆಂಡತಿ ಕಿಟಕಿ ಕಡೆ ತಿರುಗಿದರು.

“ಅದನ್ನ ನಾನೇ ತೆಗೆದಿಟ್ಟೆ ಕಣ್ರೀ.”

“ಎಲ್ಲಾನೂ ಜಯಲಕ್ಷ್ಮಿಪುರಂ ಗಾಳದ ಕ್ಲಬ್ಬಿನೋರಿಗೆ ಕೊಟ್ಬುಡೋಣ ಅಂದೋಳು ನೀನೇ ತಾನೆ?”

“ನಾನೇ. ಮಗಳು ಹೋದ್ಮೇಲೆ ನೀವು ಹೊಳೆ ಕಡೆ ತಲೆ ಹಾಕ್ಲಿಲ್ಲ. ಭಾನುವಾರ ಬಂದ್ರೆ ಇವನ್ನ ಮುಂದೆ ಹರಡ್ಕೊಂಡು ಸುಮ್ನೆ ಕೂತಿರ್ತೀರಿ. ನನಗೆ ನೋಡಕ್ಕಾಗಲ್ಲ.”

“ಮತ್ತೆ ಅದೊಂದು ಯಾಕೆ? ಮೀನು ಅಂದ್ರೇ ನಿನಗೆ ಆಗ್ತಿರಲಿಲ್ಲ.”

“ಈಗ್ಲೂ ಆಗಲ್ಲ. ಆಸ್ಪತ್ರೆಗೆ ಸೇರಿಸೋ ಹಿಂದಿನ ದಿನ ಜ್ವರದಲ್ಲೇ ಕೂತು ಅದಕ್ಕೆ ದಾರ ಸುತ್ತಿದ್ಲು. ಅರ್ಧ ಸುತ್ತಿ, ಮಿಕ್ಕಿದ್ದು ನಾಳೆ ಅಮ್ಮಾ ಅಂದ್ಲು. ಬೇರೆ ಯಾರೋ ಅದನ್ನ ಬಿಚ್ಚೋದು ನನಗೆ ಬೇಡ.”

ಭಾನುಪ್ರಿಯಾ ಫೋನು ನೋಡುವುದನ್ನು ಬಿಟ್ಟಳು. ಆ ಗಂಡಸು ಚೀಲದ ಬಾಯಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

“ಎಲ್ಲಿಟ್ಟಿದೀಯ?”

“ಬೀರುವಲ್ಲಿ, ನನ್ನ ಸೀರೆ ಅಡಿ.”

“ಆಗಾಗ ಒಂದು ತೊಟ್ಟು ಎಣ್ಣೆ ಬಿಡಬೇಕು ಕಣೆ. ಇಲ್ದಿದ್ರೆ ತಿರುಗದೆ ಹಿಡ್ಕೊಂಡ್ಬುಡುತ್ತೆ.”

“ಎಲ್ಲಿಗೆ ಬಿಡಬೇಕು ಅಂತ ತೋರಿಸಿ. ನಾನೇ ಬಿಡ್ತೀನಿ.”

ಜಯಲಕ್ಷ್ಮಿಪುರಂ ಬಂತು. ಚೀಲದ ಒಂದು ಹಿಡಿಯನ್ನು ಅವರು, ಇನ್ನೊಂದನ್ನು ಆಕೆ ಹಿಡಿದುಕೊಂಡು ನಿಧಾನವಾಗಿ ಇಳಿದುಹೋದರು.