ಮೂರನೇ ಕೂಗು

ಬಾಗಿಲು ಸುಮ್ಮನೆ ಮುಂದೆ ಮಾಡಿ ಬನ್ನಿ, ಅಗುಳಿ ಬೇಡ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಮರಿಲಿಂಗನಿಗೆ ಆದದ್ದು. ವನದುರ್ಗದಲ್ಲಿ ಅವನ ಮನೆ, ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ. ನಂಬದಿದ್ದರೆ ನಾಳೆ ಹೋಗಿ ಅವನನ್ನೇ ಕೇಳಿ.

ಒಂದು ರಾತ್ರಿ ಕೊನೆಯ ಬಸ್ಸಿಗೆ ಇಳಿದು ಒಬ್ಬನೇ ಮನೆಗೆ ಬರುತ್ತಿದ್ದ. ರಸ್ತೆಯಿಂದ ಅವನ ಓಣಿಗೆ ಹೋಗಬೇಕಾದರೆ ಹಳೆಯ ಮೆಟ್ಟಿಲಬಾವಿ ದಾಟಲೇಬೇಕು. ಕತ್ತಲೆ ಗವ್ವೆನ್ನುತ್ತಿತ್ತು. ಚಪ್ಪಲಿಯ ಕೆಳಗೆ ಗರಸು ಚರ್ ಚರ್ ಅನ್ನುತ್ತಿತ್ತು. ಬಾವಿಯೊಳಗೆ ಕಪ್ಪೆಯೊಂದು ನೀರಿಗೆ ಹಾರಿತು... ಚುಳಕ್. ಆಮೇಲೆ ಏನೂ ಇಲ್ಲ. ಆಮೇಲೆ...

"ಮರ್ಯಾ..."

ಬೇರೆ ಯಾರೇ ಆಗಿದ್ದರೂ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಮರಿಲಿಂಗ ನಿಂತ.

"ಓ," ಅಂದ.

"ಮರ್ಯಾ..."

"ಓ. ಇಲ್ಲೇ ಅದೇನಿ. ಬಂದೆ, ತಡಿ."

ಬಾವಿಕಟ್ಟೆಗೆ ಓಡಿ ಬಗ್ಗಿ ನೋಡಿದ. ಮೊಬೈಲಿನ ಬೆಳಕು ಬಿಟ್ಟ. ಕಲ್ಲು ಮೆಟ್ಟಿಲು, ಪಾಚಿ, ನೀರು. ಮೂರನೇ ಕೂಗಿಗೆ ಕಾದು ಕುಳಿತ. ಬರಲಿಲ್ಲ. ಅದು ಯಾವತ್ತೂ ಬರುತ್ತಿರಲಿಲ್ಲ.

ಅವನನ್ನು ಮರ್ಯಾ ಅಂತ ಕರೆಯುತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ, ತೌಹೀದ. ಅವನನ್ನು ಮಣ್ಣು ಮಾಡಿ ಬಂದು ಆಗಲೇ ಒಂದು ಮಳೆಗಾಲ ಕಳೆದಿತ್ತು.

ಈಗ ಆ ಮೂರು ಕೂಗಿನ ವಿಷಯ ಹೇಳುತ್ತೇನೆ, ಕೇಳಿ. ಮರಿಲಿಂಗನ ತಾಯಿ ತಿಮ್ಮವ್ವ, ನಮ್ಮ ಚಿಕ್ಕಮ್ಮ, ರಾತ್ರಿಯ ಮಟ್ಟಿಗೆ ಬಲು ಕಟ್ಟುನಿಟ್ಟಿನ ಹೆಂಗಸು. "ಕತ್ತಲಾದ ಮ್ಯಾಲ ಯಾರರ ಕರದ್ರ ಮೂರನೇ ಸಲಕ್ಕ ಓ ಅನಬೇಕು. ದೆವ್ವ ಎರಡ ಸಲ ಕರೀತೈತಿ. ಮೂರನೇದ್ದಕ್ಕ ಅದರ ಬಾಯಿ ಏಳಂಗಿಲ್ಲ," ಅನ್ನುತ್ತಿದ್ದಳು. ಎರಡು ಮನೆ ಆಚೆ ತೌಹೀದನ ಅಜ್ಜಿ ಹಜರಾಬೀ ಇದನ್ನೇ ತನ್ನ ಮಾತಿನಲ್ಲಿ ಹೇಳಿ ಮೊಮ್ಮಗನನ್ನು ಹೆದರಿಸುತ್ತಿದ್ದಳು. ಹುಡುಗರಿಬ್ಬರೂ ಅದನ್ನೇ ಆಟ ಮಾಡಿಕೊಂಡರು. ಕತ್ತಲಾದರೆ ಇವನ ಬಾಗಿಲಲ್ಲಿ ಅವನು ಬಂದು ಒಂದೇ ಉಸಿರಿಗೆ "ಮರ್ಯಾ ಮರ್ಯಾ ಮರ್ಯಾ" ಅನ್ನುವುದು, ಇವನು ಒಳಗಿಂದ ನಗುತ್ತಾ ಓಡಿ ಬರುವುದು. ಮೀಸೆ ಬಂದವು, ಕೈಯಲ್ಲಿ ಫೋನು ಬಂದವು, ತೌಹೀದ ಸಾಮಾನಿನ ಆಟೋ ಹೊಡೆಯತೊಡಗಿದ. ಆದರೂ ಮೂರು ಕೂಗು ಬಿಡಲಿಲ್ಲ.

ತೌಹೀದನ ನಿಕಾ ಗೊತ್ತಾಗಿತ್ತು. ಹುಡುಗಿ ಶಹಾಪುರದವಳು, ಉಮೆಸಲ್ಮಾ. ಬಟ್ಟೆ ತರಲು ತೌಹೀದ, ಮರಿಲಿಂಗ, ಪಂಚಾಯ್ತಿ ಆಫೀಸಿನ ಶರಣಕುಮಾರ, ಮೂವರೂ ಎರಡು ಬೈಕಿನಲ್ಲಿ ಯಾದಗಿರಿಗೆ ಹೋದರು. ಶೇರವಾನಿ ಆರಿಸುವುದರಲ್ಲಿ ಅಂಗಡಿಯವನ ಜೀವ ಹಿಂಡಿದರು. ಮದುವಣಿಗನಿಗೆ ಯಾವುದು ಹಾಕಿದರೂ ಬ್ಯಾಂಡಿನವನ ಹಾಗೆ ಕಾಣುತ್ತೀ ಅಂತ ಮರಿಲಿಂಗ ಗೋಳು ಹೊಯ್ದುಕೊಂಡ. ವಾಪಸು ಊರಿಗೆ ಬಂದು ಬಟ್ಟೆ ಇಳಿಸಿದರೆ ಸಂಜೆ ಇನ್ನೂ ಉಳಿದಿತ್ತು. ಮನೆಯಲ್ಲಿ ಕೂರಲು ಯಾರಿಗೂ ಮನಸ್ಸಿಲ್ಲ. ಬೋನಾಳ ಕೆರೆಗೆ ಹಕ್ಕಿ ಬಂದಿವೆ, ಬೆಳದಿಂಗಳಲ್ಲಿ ನೋಡಬೇಕು ಅಂದ ಶರಣಕುಮಾರ.

ತಿಮ್ಮವ್ವ ಕೋಳಿಸಾರು ಮಾಡಿ, ಜೋಳದ ರೊಟ್ಟಿ ಕಟ್ಟಿ, ಸಾರಿನ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಒಂದು ಇದ್ದಿಲ ಚೂರು ಇಟ್ಟು ಬಟ್ಟೆ ಬಿಗಿದಳು. ರಾತ್ರಿ ಹೊತ್ತು ಮಾಂಸದ ಅಡುಗೆ ಒಯ್ಯುವಾಗ ಇದ್ದಿಲು ಇದ್ದರೆ ಬೆನ್ನು ಹತ್ತುವವು ಹತ್ತುವುದಿಲ್ಲ ಅಂತ. ಡಬ್ಬಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಕೊರೆಸಿತ್ತು.

"ಡಬ್ಬಿ ತೊಳದು ತರ್ರಿ. ಇಲ್ಲಾಂದ್ರ ಮತ್ತ ಕೊಡಂಗಿಲ್ಲ," ಅಂದಳು.

"ತಂದs ತರ್ತೀನಿ ಯವ್ವಾ," ಅಂದ ತೌಹೀದ.

ಆ ರಾತ್ರಿಯಂಥ ರಾತ್ರಿ ಮತ್ತೆ ಬರಲಿಲ್ಲ ಅನ್ನುತ್ತಾನೆ ಮರಿಲಿಂಗ. ಸುರಪುರದಲ್ಲಿ ಚಹಾ ಕುಡಿದು ಕೆರೆಗೆ ಬಂದರು. ಏರಿಯ ಮೇಲೆ ಕುಳಿತರೆ ಮುಂದೆ ಬೆಳ್ಳಗೆ ನೀರು. ಜಾಲಿ ಗಿಡದ ಮೇಲೆ ಕೊಕ್ಕರೆಗಳು ರೆಕ್ಕೆ ಪಟಪಟ ಬಡಿದು ಮತ್ತೆ ಮಲಗುತ್ತಿದ್ದವು. ಉಂಡರು, ಹಾಡಿದರು, ಹಳೆಯ ಮೇಷ್ಟ್ರುಗಳ ಧಾಟಿ ಮಾಡಿ ನಕ್ಕರು. ಹಕ್ಕಿ ತೋರಿಸುತ್ತೇನೆ ಅಂದ ಶರಣಕುಮಾರ ಎಲ್ಲರಿಗಿಂತ ಮೊದಲು ಗೊರಕೆ ಹೊಡೆದ. ತೌಹೀದ ಆ ಇದ್ದಿಲು ತಗೊಂಡು ಅವನ ಮುಖದ ಮೇಲೆ ದೊಡ್ಡದೊಂದು ಕಲ್ಲಿಮೀಸೆ ಬರೆದ. ಬರೆದು, ಇದ್ದಿಲನ್ನು ಖಾಲಿ ಡಬ್ಬಿಯೊಳಗೆ ಹಾಕಿದ... ಟಣ್.

"ಇನ್ನ ಹಿಂಗ ಅಡ್ಡಾಡೂದು ಮುಗೀತಪಾ," ಅಂದ ತೌಹೀದ. "ತಡಾ ಮಾಡಿದ್ರ ಬಾಗಿಲಾ ತಗಿಯಂಗಿಲ್ಲ ಅಂತ ಉಮೆಸಲ್ಮಾ ಈಗs ಮೆಸೇಜ್ ಹಾಕ್ಯಾಳ."

"ಚೊಲೊ ಮಾಡ್ಯಾಳ."

"ನೀ ಜೋಡಿ ಇದ್ರ ಚಿಂತಿಲ್ಲಂತ ನೋಡು. ಮರಿಲಿಂಗ ಭಯ್ಯಾ ಅದಾರಲ್ಲ, ಹೋಗಿ ಬರ್ರಿ ಅಂದಾಳ."

ಅಷ್ಟು ಅಂದು ಡಬ್ಬಿ ಹಿಡಿದು ಎದ್ದ. ಬೆಳಿಗ್ಗೆ ತೊಳೆದರಾಯಿತು ಬಿಡೋ ಅಂದರೆ ಕೇಳಲಿಲ್ಲ. ಏರಿ ಇಳಿದು ಜಾಲಿಗಿಡದ ಮರೆಗೆ ಹೋದ. ಕೆಳಗಿನಿಂದ ಉಸುಕು ಹಚ್ಚಿ ಡಬ್ಬಿ ತಿಕ್ಕುವ ಸದ್ದು ಬಂತು. ಕರ್... ಕರ್... ಕರ್... ಮರಿಲಿಂಗ ಅಂಗಾತ ಬಿದ್ದು ಚಂದ್ರನನ್ನು ನೋಡುತ್ತಿದ್ದ.

ಸದ್ದು ನಿಂತಿತು. ಗುಳುಂ ಅಂತ ನೀರಿಗೆ ಏನೋ ಬಿತ್ತು. ಹಕ್ಕಿಗಳು ಒಮ್ಮೆ ಪಟಪಟ ಅಂದವು.

"ಮರ್ಯಾ..."

ದೊಡ್ಡ ದನಿಯಲ್ಲ. ಬಾಯಲ್ಲಿ ನೀರು ತುಂಬಿಕೊಂಡು ಪಿಸುಗುಟ್ಟಿದ ಹಾಗಿತ್ತು. ಮರಿಲಿಂಗನಿಗೆ ಬಂದ ನಗು ಅರ್ಧಕ್ಕೇ ನಿಂತಿತು. ತೌಹೀದ ಹಾಗೆ ಕರೆಯುವವನಲ್ಲ. ಅವನದು ಒಂದೇ ಉಸಿರಿಗೆ ಮೂರು.

"ಮರ್ಯಾ..."

ಓ ಅನ್ನುವುದು ಗಂಟಲಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದ. ತಾಯಿಯ ಮಾತು ತಲೆಯಲ್ಲಿತ್ತು. ಮೂರನೇದು ಬರಲಿ, ಬಂದರೆ ಅವನೇ, ಆಗ ಓ ಅನ್ನುತ್ತೇನೆ... ಕಾದ. ಮೂರನೇದಕ್ಕೆ ಕಾದ. ಕೆರೆ ಸುಮ್ಮನಿತ್ತು. ಇನ್ನೂ ಕಾದ.

ಶರಣಕುಮಾರನನ್ನು ಎಬ್ಬಿಸಿ ಕೆಳಗೆ ಹೋಗುವಷ್ಟರಲ್ಲಿ ದಂಡೆಯ ಮೇಲೆ ತೌಹೀದನ ಚಪ್ಪಲಿ ಮಾತ್ರ ಇದ್ದವು. ನಸುಕಿಗೆ ಬೋನಾಳದ ಮೀನುಗಾರರು ತೆಪ್ಪ ಹಾಕಿ ತೆಗೆದರು. ಬಾವಿಯಲ್ಲಿ ಮೀನಿನಂತೆ ಈಜುತ್ತಿದ್ದವನು, ಕಾಲಿಗೆ ನೀರುಬಳ್ಳಿ ಸುತ್ತಿ ಕೆಸರಿನಲ್ಲಿ ಸಿಕ್ಕಿದ್ದ. ಪೊಲೀಸರ ಮುಂದೆ ಶರಣಕುಮಾರ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಮುಖದ ಮೇಲೆ ಆ ಇದ್ದಿಲ ಮೀಸೆ ಹಾಗೇ ಇತ್ತು. ಒರೆಸಿಕೋ ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಡಬ್ಬಿ ಮಾತ್ರ ಸಿಗಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಒಂದು ದಿನ ಉಮೆಸಲ್ಮಾ ತಮ್ಮನನ್ನು ಕಳಿಸಿ ಮರಿಲಿಂಗನನ್ನು ಕರೆಸಿದಳು. ಬಾಗಿಲ ಒಳಗೆ ನಿಂತು ಕೇಳಿದಳು.

"ಭಯ್ಯಾ, ಅವ್ರು ಕಡೀಗಿ ಏನರ ಅಂದ್ರೇನ್ರಿ?"

"ಏನೂ ಅನ್ಲಿಲ್ಲವಾ."

"ಕರೀಲಿಲ್ಲೇನ್ರಿ, ಯಾರನ್ನೂ?"

"ಇಲ್ಲ."

ಆ ಒಂದು ಸುಳ್ಳು ಅವನನ್ನು ಒಳಗೊಳಗೇ ತಿಂದು ಹಾಕಿತು. ಅಂಗಡಿಯಲ್ಲಿ ಗಿರಾಕಿ ಬಾಯಿ ತೆರೆಯುವ ಮೊದಲೇ ಓ ಅನ್ನತೊಡಗಿದ. ರಸ್ತೆಯಲ್ಲಿ ಯಾರು ಯಾರನ್ನು ಕರೆದರೂ ಓ. ಜನ ನಕ್ಕರು. ಬಾವಿಯ ಹತ್ತಿರ ಆ ಎರಡು ಕೂಗು ಶುರುವಾದದ್ದು ಆಗಲೇ. ಚಿಕ್ಕಂದಿನಲ್ಲಿ ಇಬ್ಬರೂ ಈಜು ಕಲಿತ ಬಾವಿ ಅದು.

ರಾತ್ರಿ ಬಾವಿಕಟ್ಟೆಯಲ್ಲಿ ಒಬ್ಬನೇ ಮಾತಾಡುವ ಮಗನನ್ನು ನೋಡಿ ತಿಮ್ಮವ್ವ ರಟ್ಟೆ ಹಿಡಿದು ಎಳೆದು ತಂದಳು. ಆಗ ಅವನು ಕೆರೆಯಲ್ಲಿ ಆದದ್ದನ್ನೆಲ್ಲ ಹೇಳಿದ.

"ಎರಡ ಸಲ ಅಷ್ಟs ಕರೀತಲ್ಲ?" ಅಂತ ಪಿಸುಗುಟ್ಟಿದಳು.

"ಹೂಂ."

"ಹಂಗಾರ ಅದು ಅಂವ ಅಲ್ಲಪ್ಪಾ. ಅಂವ ಆಗ್ಲೇ ಹೋಗಿದ್ದ. ನೀ ಓ ಅಂದಿದ್ರ ನೀನೂ ನನಗ ಸಿಗ್ತಿದ್ದಿಲ್ಲ."

ಆ ಮಾತನ್ನೇ ಹಾಸಿ ಹೊದ್ದು ಮರಿಲಿಂಗ ಅಷ್ಟಿಷ್ಟು ನಿದ್ದೆ ಮಾಡತೊಡಗಿದ. ಕರೆದದ್ದು ತೌಹೀದನಲ್ಲ ಅಂದರೆ ತನ್ನ ತಪ್ಪಿಲ್ಲ. ಕರೆದದ್ದು ಅವನೇ ಆಗಿದ್ದರೆ... ಅದರ ಮುಂದೆ ಅವನು ಯೋಚಿಸುತ್ತಿರಲಿಲ್ಲ.

ವರ್ಷ ತುಂಬಿತು. ತೌಹೀದನ ಮನೆಯಲ್ಲಿ ಬರ್ಸಿಯ ಫಾತಿಹಾ ಆಯಿತು, ಊಟವಾಯಿತು. ಸಂಜೆ ಮರಿಲಿಂಗ ಶರಣಕುಮಾರನನ್ನು ಕರೆದುಕೊಂಡು ಬೋನಾಳಕ್ಕೆ ಹೊರಟ. ಎಲ್ಲಿ ಓ ಅನ್ನಲಿಲ್ಲವೋ ಅಲ್ಲೇ ಓ ಅನ್ನಬೇಕು, ಅದೊಂದೇ ಅವನ ಮನಸ್ಸಿನಲ್ಲಿದ್ದದ್ದು. ತಿಮ್ಮವ್ವ ಬೇಡ ಅಂದು ಅತ್ತಳು. ಅವನು ಕೇಳಲಿಲ್ಲ.

ಅದೇ ಏರಿ, ಅದೇ ಜಾಲಿ. ಇಡೀ ರಾತ್ರಿ ಕಿವಿ ಕೆರೆಗೆ ಕೊಟ್ಟು ಕುಳಿತ. ಹಕ್ಕಿಗಳ ರೆಕ್ಕೆ, ಮೀನಿನ ಚುಳಕ್, ದೂರದ ಪಂಪಿನ ಟುಕುಟುಕು. ಯಾರೂ ಕರೆಯಲಿಲ್ಲ. ಬೆಳಕು ಹರಿಯುವವರೆಗೂ ಯಾರೂ ಕರೆಯಲಿಲ್ಲ. ಬಿಸಿಲೇರುವ ಮುಂಚೆ ಊರಿಗೆ ಬಂದರೆ, ತಿಮ್ಮವ್ವ ಬಾವಿಕಟ್ಟೆಯ ಮೇಲೆ ಕುಳಿತಿದ್ದಳು. ತಲೆ ಕೆದರಿತ್ತು. ಮಡಿಲಲ್ಲಿ ಏನೋ ಸೆರಗು ಮುಚ್ಚಿಕೊಂಡಿದ್ದಳು.

"ಯಾಕ ಯವ್ವಾ?"

"ಬಂದಿದ್ದ," ಅಂದಳು.

"ಯಾರು?"

"ನಿದ್ದಿ ಹತ್ತಿದ್ದಿಲ್ಲ ನನಗ. ಬಾವಿ ಕಡಿಂದ ಕರದ... ಮರ್ಯಾ ಅಂತ. ಕೌದಿ ಹೊತ್ಕೊಂಡೆ. ಮತ್ತ ಕರದ. ಮುಗೀತು, ಹೋಗ್ತೈತಿ ಅನಕೊಂಡೆ." ತಿಮ್ಮವ್ವ ಮಡಿಲಲ್ಲಿದ್ದುದನ್ನು ಅವುಚಿಕೊಂಡಳು. "ಮೂರನೇದು ಬಂತಪ್ಪಾ. ಉಸುರು ಎಳಕೊಂಡು, ಭಾಳ ಹೊತ್ತಿನ ಮ್ಯಾಲ ಬಂತು. ಮೂರನೇದ್ದಕ್ಕ ಓ ಅನ್ನಬೇಕಲ್ಲ. ಬಾಗಿಲಾ ತಗದು ಓ ಅಂದೆ. ಅಂವ ಇಲ್ಲಪಾ ತೌಹೀದಾ, ನಿನ್ನ ಹುಡುಕ್ಕೊಂಡು ಕೆರಿಗಿ ಹೋಗ್ಯಾನ ಅಂದೆ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ಬಾವ್ಯಾಗ ಉಸುಕು ಹಚ್ಚಿ ತಿಕ್ಕೂ ಸಪ್ಪಳಾತು. ಕರ್... ಕರ್... ಬೆಳಗಾದ ಮ್ಯಾಲ ಬಂದು ನೋಡೀನಿ."

ಸೆರಗು ಸರಿಸಿದಳು. ಸ್ಟೀಲ್ ಡಬ್ಬಿ. ಥಳಥಳ ಹೊಳೆಯುತ್ತಿತ್ತು. ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳದೇ ಹೆಸರು. ಮುಚ್ಚಳ ತೆಗೆದರೆ ಒಳಗೆ ಇದ್ದಿಲ ಚೂರು, ಮೀಸೆ ಬರೆದ ಬದಿ ಸವೆದಿತ್ತು. ಅದನ್ನು ನೋಡಿ ಶರಣಕುಮಾರ ಅಂಗೈಯಿಂದ ತನ್ನ ಕೆನ್ನೆ ಒರೆಸಿಕೊಂಡ.

"ಆವತ್ತೂ ಮೂರು ಕರಿಯಾವನs ಇದ್ದ ಕೂಸು," ಅಂದಳು ತಿಮ್ಮವ್ವ. "ಉಸುರು ಸಾಲಿಲ್ಲ. ನಾ ನಿನಗ ಎರಡರ ಮಾತು ಕಲಿಸಬಾರ್ದಿತ್ತು."

ಮರಿಲಿಂಗ ಬಾವಿಕಟ್ಟೆಗೆ ಹಣೆ ಹಚ್ಚಿ ಅತ್ತ. ಒಂದು ವರ್ಷ ತಡೆದಿದ್ದನ್ನೆಲ್ಲ ಅತ್ತ. ವರ್ಷವಿಡೀ ಪ್ರತಿ ರಾತ್ರಿ ಓ ಅಂದವನು, ಗೆಳೆಯ ಮೂರನೇ ಸಲ ಕರೆದ ಆ ಒಂದೇ ರಾತ್ರಿ ಮನೆಯಲ್ಲಿರಲಿಲ್ಲ.

ಅವತ್ತೇ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಶಹಾಪುರಕ್ಕೆ ಹೋದ. ಉಮೆಸಲ್ಮಾಳ ಮುಂದೆ ಇಟ್ಟು, ಅದು ಹೋದದ್ದು, ಬಂದದ್ದು ಎಲ್ಲ ಹೇಳಿ, "ಸುಳ್ಳ ಹೇಳಿದ್ನೆವಾ. ಕರದಿದ್ದ. ನನ್ನs ಕರದಿದ್ದ. ನಾ ಓ ಅನ್ಲಿಲ್ಲ," ಅಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ ಮರಿಲಿಂಗ. ಡಬ್ಬಿಯನ್ನು ಮಡಿಲಿಗೆ ತೆಗೆದುಕೊಂಡು, ದುಪಟ್ಟಾದ ಚುಂಗಿನಿಂದ ಒಳಗೂ ಹೊರಗೂ ಒರೆಸಿದಳು. ಇದ್ದಿಲನ್ನೂ ಒರೆಸಿದಳು. ಮತ್ತೆ ಅದರೊಳಗೇ ಇಟ್ಟು ಮುಚ್ಚಿ ಕೊಟ್ಟಳು.

"ಒಯ್ಯಿರಿ ಭಯ್ಯಾ. ತೊಳದು ತರ್ತೀನಿ ಅಂತ ನಿಮ್ಮ ಅಮ್ಮಾಗ ಮಾತು ಕೊಟ್ಟಿದ್ರು," ಅಂದು ಒಳಗೆ ಹೋದಳು.

ಆಮೇಲೆ ಬಾವಿಯಿಂದ ಯಾರೂ ಕರೆಯಲಿಲ್ಲ. ಈಗ ಮರಿಲಿಂಗನೇ ಕೊನೆಯ ಬಸ್ಸು ಇಳಿದು ಬಾವಿಕಟ್ಟೆಯಲ್ಲಿ ನಿಂತು ಒಂದೇ ಉಸಿರಿಗೆ "ತೌಹ್ಯಾ ತೌಹ್ಯಾ ತೌಹ್ಯಾ" ಅನ್ನುತ್ತಾನೆ. ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಮನೆಗೆ ಹೋಗುತ್ತಾನೆ.

ನಾನು ಕಟ್ಟಿ ಹೇಳಿದ್ದಲ್ಲ ಇದು. ಡಬ್ಬಿ ತಿಮ್ಮವ್ವನ ಅಡುಗೆಮನೆಯ ಹಲಗೆಯ ಮೇಲಿದೆ, ಅದರಲ್ಲಿ ಯಾರೂ ಏನೂ ಹಾಕುವುದಿಲ್ಲ. ಹೋದ ಬೇಸಿಗೆಯಲ್ಲಿ, ಬಾವಿಯೇ ಬತ್ತಿದ್ದಾಗ, ನಾನೇ ಕೈಯಾರೆ ಮುಚ್ಚಳ ತೆಗೆದು ನೋಡಿದ್ದೇನೆ. ಡಬ್ಬಿ ಒಣಗಿತ್ತು. ಆ ಇದ್ದಿಲು ಹಸಿಯಾಗಿತ್ತು.