ಬಾರದೆ ಹೋದ ಬೆಳಕು

ಅಲ್ಲ ಅಕ್ಕಾ, ಇದನ್ನ ನನಗೆ ಮೊದಲು ಹೇಳಿದ್ದೇ ನೀವು! ಇದೇ ಕತ್ತಲ ಕೋಣೇಲಿ, ಇದೇ ಸ್ಟೂಲಿನ ಮೇಲೆ ಕೂರಿಸಿಕೊಂಡು. ಈಗ ನೀವೇ "ಯಾವುದದು?" ಅಂದ್ರೆ ಹೇಗೆ? ...ಹಾಕಿದ್ದೀನಿ, ಬಾಗಿಲು ಹಾಕಿದ್ದೀನಿ. ಫೋನೂ ಆರಿಸಿದ್ದೀನಿ. ತಟ್ಟೆಯಲ್ಲಿರೋ ನಿಮ್ಮ ಇಲಿಯ ಕಣ್ಣಿನ ಪದರಕ್ಕೆ, ಆ ರೆಟಿನಾಗೆ, ಚೂರೂ ಬೆಳಕು ತಾಗಲ್ಲ, ಬಯ್ಯಬೇಡಿ.

ಏನಂದಿದ್ರಿ ಆವತ್ತು? ಇದಕ್ಕೆ ಒಂದೇ ತಾಳದಲ್ಲಿ ಬೆಳಕು ಮಿನುಗಿಸ್ತಾ ಹೋಗು, ಮಿಣಕ್, ಮಿಣಕ್, ಮಿಣಕ್... ಅಭ್ಯಾಸವಾಗಿ ಸುಮ್ಮನಾಗುತ್ತೆ. ಆಮೇಲೆ ಒಂದು ಮಿಣಕ್ ತಪ್ಪಿಸು. ಆಗ ಕೂಗುತ್ತೆ ನೋಡು, ಚುಚ್ಚಿಟ್ಟ ಸೂಜಿಯಲ್ಲಿ ವಿದ್ಯುತ್ ಮಿಡಿತ ಚಿಮ್ಮುತ್ತೆ, ಅಂದ್ರಿ! ಬರದೇ ಹೋದ ಬೆಳಕಿಗೆ ಕೂಗು! ಮಿದುಳಿಲ್ಲ, ತಲೆಯೇ ಇಲ್ಲ, ತಟ್ಟೆಯಲ್ಲಿ ಉಗುರಿನಷ್ಟು ಪದರ! ಯಾಕೆ ಅಂತ ಕೇಳಿದ್ದಕ್ಕೆ, "ಒಂದು ಕೋಶ ಇನ್ನೊಂದರ ಬಾಯಿ ಮುಚ್ಚಿಸೋ ಕೊಂಡಿ, ಸಿನಾಪ್ಸ್, ಇದೆಯಲ್ಲ, ಅದು ದಣೀತಿರಬೇಕು ಕಣೇ" ಅಂದ್ರಿ. ಆ ಮಾತು ಹಿಡ್ಕೊಂಡು ತಾನೇ ನಾನು ಕಂಪ್ಯೂಟರಲ್ಲಿ ಮಾದರಿ ಕಟ್ಟಿದ್ದು? ಪ್ರತಿ ಮಿನುಗಿಗೂ ಆ ಸಿನಾಪ್ಸ್ ಸ್ವಲ್ಪ ಸೋಲಬೇಕು, ಬಿಡುವು ಸಿಕ್ಕರೆ ಚೇತರಿಸಿಕೊಳ್ಳಬೇಕು. ತಾಳ ನಿಧಾನ ಮಾಡಿದೆ... ಕೂಗೂ ತಡವಾಗಿ ಬಂತು, ಥೇಟ್ ನಿಮ್ಮ ಇಲೀದೇ!

ನಗ್ತೀರಾ? ನಗಿ, ನಗಿ. ಬೆಳಿಗ್ಗೆ ಮೀಟಿಂಗಲ್ಲಿ ನಮ್ಮ ಗುಂಪಿನ ಸರ್ ಏನಂದ್ರು ಗೊತ್ತಾ? "ಆ ದಣಿಯೋ ಸಿನಾಪ್ಸ್ ತೆಗೆದುಬಿಡಮ್ಮ, ಒಂದು ಸ್ಥಿರ ಸಂಖ್ಯೆ ಕೂರಿಸು. ಮಾದರಿ ಸರಳವಾಗುತ್ತೆ, ಪೂರ್ತಿ ನಮ್ಮದೇ ಆಗುತ್ತೆ. ಅಳೆದುಕೊಟ್ಟವರಿಗೆ ಲೇಖನದ ಕೊನೇಲಿ ಥ್ಯಾಂಕ್ಸ್ ಹೇಳಿದ್ರಾಯ್ತು." ಅಳೆದುಕೊಟ್ಟವರಂತೆ! ನೀವೇನು ಬಟ್ಟೆ ಅಂಗಡಿ ಇಟ್ಟಿದ್ದೀರಾ?

ಎಷ್ಟು ತಣ್ಣಗೆ ಹೂಂ ಅಂತೀರಲ್ಲ! ನನಗೆ ಮೈಯೆಲ್ಲ ಉರೀತು. ಎದ್ದು ನಿಂತೆ. ಎಲ್ಲರೆದುರೇ! "ಸರ್, ಒಂದೇ ತಾಳಕ್ಕಾದ್ರೆ ನಿಮ್ಮ ಸ್ಥಿರ ಸಂಖ್ಯೆ ಸಾಕು. ತಾಳ ಬದಲಾಯಿಸಿ ನೋಡಿ, ನಿದ್ದೆಗಣ್ಣಲ್ಲಿದ್ದೋರ ಹಾಗೆ ಯಾವಾಗಲೋ ಕೂಗುತ್ತೆ" ಅಂದೆ. ...ಮತ್ತೊಂದು ಹೂಂ! ಅವರ ಮುಖ ನೋಡಬೇಕಿತ್ತು, ಇಷ್ಟೇ ಇಷ್ಟಾಯ್ತು! ...ಇನ್ನೊಂದು ಹೂಂ. "ಈ ಯೋಚನೆ ಅಕ್ಕಂದು. ಅವರ ಹೆಸರಿಲ್ಲದೆ ಈ ಲೇಖನ ಹೊಸಿಲು ದಾಟಲ್ಲ" ಅಂತಾನೂ ಅಂದೆ.

ಅಂದೆ ಅಕ್ಕಾ.

...ಅಕ್ಕಾ?

ಏನಾಯ್ತು? ಸೂಜಿ ಜಾರಿತಾ? ಇಲ್ಲ... ತಟ್ಟೆಗೆ ದ್ರವ ಹರಿಸೋ ಪಂಪು ಓಡ್ತಿದೆ, ನಿಮ್ಮ ಉಸಿರೂ ಕೇಳ್ತಿದೆ. ಇಷ್ಟು ಹೊತ್ತು ಮಾತಿಗೊಂದು ಹೂಂ ಹಾಕ್ತಿದ್ದೋರು... ಅನ್ನಿ ಒಂದು ಹೂಂ! ಅನ್ನಲ್ವಾ?

ಥೂ, ಆಯ್ತು! ಎದ್ದು ನಿಲ್ಲಲಿಲ್ಲ. ಕೂತೇ ಇದ್ದೆ. "ಸರಿ ಸರ್" ಅಂದೆ, ತಲೆ ಬೇರೆ ಆಡಿಸಿದೆ. ಊಟಕ್ಕೆ ಮೊದಲೇ ಆ ಸಿನಾಪ್ಸ್ ಅಳಿಸಿ, ನಿಮ್ಮ ಹೆಸರನ್ನ ಕೊನೇ ಸಾಲಿಗೆ ಇಳಿಸಿದ್ದೂ ಇದೇ ಕೈ.

ಈಗಲೂ ಇಲ್ವಾ? ಬೇಡ, ಮಾತಾಡಬೇಡಿ! ಹಳೇ ಮಾದರಿ ನನ್ನ ಹತ್ರ ಇದೆ. ಸಂಜೆ ಅವರು ಲೇಖನ ಕಳಿಸೋ ಮುಂಚೆ ವಾಪಸ್ ಹಾಕ್ತೀನಿ, ಸಿನಾಪ್ಸೂ, ನಿಮ್ಮ ಹೆಸರೂ. ನನ್ನ ಹೆಸರು ಹೊಡೆದು ಹಾಕ್ತಾರಾ? ಹಾಕಲಿ! ಈ ಸಲ ನಿಂತೇ ಹೇಳ್ತೀನಿ. ಅಕಸ್ಮಾತ್ ಸರ್ ರೂಮಿನ ಮೆಟ್ಟಿಲಿಂದಲೇ ನಾನು ಹಿಂದಕ್ಕೆ ಬಂದ್ರೆ... ಕ್ಯಾಂಟೀನಲ್ಲಿ ಎಲ್ಲರೂ ಸೇರಿದಾಗ ನೀವೇ ಹೇಳಿಬಿಡಿ. ನಾನು ಕೊಚ್ಚಿಕೊಂಡಿದ್ದನ್ನೂ ಹೇಳಿ, "ಸರಿ ಸರ್" ಅಂದಿದ್ದನ್ನೂ ಹೇಳಿ, ಒಂದಕ್ಷರ ಬಿಡದೆ.

ಮುಚ್ಚಿಕೊಳ್ಳಿ ಆ ತಟ್ಟೇನ. ಬಾಗಿಲು ತೆಗೀತಿದ್ದೀನಿ.